ಬೆಳ್ಳಿಯ ಚಿಲ್ಲರೆ

ಮೈಸೂರಿನ ವಾಚಕಿಯೊಬ್ಬರು ಹೀಗೆ ಬರೆದಿದ್ದಾರೆ: "ಅಂಗಡಿಗೆ ಹೋದರೆ ಈಗ ಕಾಲುಚೀಲದಲ್ಲಿಯೂ ಬೆಳ್ಳಿ, ನೀರಿನ ಫಿಲ್ಟರಿನಲ್ಲಿಯೂ ಬೆಳ್ಳಿ, ಗಾಯದ ಪಟ್ಟಿಯಲ್ಲಿಯೂ ಬೆಳ್ಳಿ. 'ನ್ಯಾನೋ ಬೆಳ್ಳಿ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ' ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಕಣ್ಣಿಗೆ ಕಾಣದ ಈ ಬೆಳ್ಳಿಗಾಗಿ ಹೆಚ್ಚು ಹಣ ತೆರಬೇಕೆ? ಮಗುವಿಗೆ ಬೆಳ್ಳಿಯ ಒಳಲೆಯಲ್ಲಿ ಹಾಲು ಕುಡಿಸುವುದೂ ಇದೇ ಕಾರಣಕ್ಕೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ನಿಜವೆ?"

ಪತ್ರ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ. ಒಳಲೆಯಿಂದ ಹೊರಟು ಸುಟ್ಟ ಗಾಯದ ವಾರ್ಡಿನವರೆಗೂ ಹೋಗಬೇಕಾದ ವಿಷಯ ಇದು. ಆದುದರಿಂದ ಈ ವಾರದ ಅಂಕಣವನ್ನು ಪೂರ್ತಿಯಾಗಿ ಬೆಳ್ಳಿಗೇ ಮೀಸಲಿಟ್ಟಿದ್ದೇನೆ.

ಬೆಳ್ಳಿಯ ಪಾತ್ರೆಯಲ್ಲಿ ನೀರು ಕೆಡದೆಂಬ ನಂಬಿಕೆ ಬಹು ಪುರಾತನವಾದುದು. ಪರ್ಷಿಯದ ಸೈರಸ್ ದೊರೆ ದಂಡಯಾತ್ರೆಗೆ ಹೊರಟಾಗ ಸೂಸಾ ನಗರದ ಬಳಿಯ ಖೊಆಸ್ಪಿಸ್ ನದಿಯ ನೀರನ್ನು ಕುದಿಸಿ, ಬೆಳ್ಳಿಯ ಪಾತ್ರೆಗಳಲ್ಲಿ ತುಂಬಿಸಿ, ಹೇಸರಗತ್ತೆಗಳ ಬಂಡಿಗಳ ಮೇಲೆ ಹೇರಿಸಿಕೊಂಡು ಹೋಗುತ್ತಿದ್ದನೆಂದು ಗ್ರೀಸಿನ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಬೆಳ್ಳಿಯ ಮಹಿಮೆಯನ್ನು ಕೊಂಡಾಡುವವರೆಲ್ಲರೂ ಈ ಕಥೆಯನ್ನು ಹೇಳುತ್ತಾರೆ. ದೊರೆ ನೀರನ್ನು ಮೊದಲು ಕುದಿಸುತ್ತಿದ್ದನೆಂಬ ಮಾತನ್ನು ಮಾತ್ರ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ನಂಬಿಕೆಯ ಮಾತು ಹಾಗಿರಲಿ. ಬೆಳ್ಳಿಯು ರೋಗಾಣುವನ್ನು ಕೊಲ್ಲುವುದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಬಲವಾದ ಸಾಕ್ಷ್ಯ ದೊರೆತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಜರ್ಮನಿಯ ಲೈಪ್‌ಸಿಗ್ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಕಾರ್ಲ್ ಕ್ರೇಡೆ ಎಂಬ ವೈದ್ಯರಿದ್ದರು. ಆ ಕಾಲದಲ್ಲಿ ಹುಟ್ಟಿದ ಕೂಸುಗಳ ಕಣ್ಣು ಕೆಲವೇ ದಿನಗಳಲ್ಲಿ ಕೀವು ತುಂಬಿ ಊದಿಕೊಳ್ಳುತ್ತಿತ್ತು. ಎಷ್ಟೋ ಮಕ್ಕಳು ಲೋಕವನ್ನು ನೋಡುವ ಮೊದಲೇ ಕುರುಡಾಗುತ್ತಿದ್ದವು. ಹೆರಿಗೆಯ ಸಮಯದಲ್ಲಿ ತಾಯಿಯಿಂದ ತಗಲುವ ರೋಗಾಣುವೇ ಇದಕ್ಕೆ ಕಾರಣ. ೧೮೮೦ರಿಂದ ಮೊದಲುಗೊಂಡು ಕ್ರೇಡೆಯವರು ಪ್ರತಿಯೊಂದು ಕೂಸಿನ ಕಣ್ಣಿಗೂ ಶೇಕಡಾ ೨ರ ಸಿಲ್ವರ್ ನೈಟ್ರೇಟ್ ದ್ರಾವಣದ ಒಂದೊಂದು ತೊಟ್ಟನ್ನು ಗಾಜಿನ ಕಡ್ಡಿಯಿಂದ ಬಿಡತೊಡಗಿದರು. ನೂರಕ್ಕೆ ಹತ್ತರಷ್ಟು ಮಕ್ಕಳಿಗೆ ತಗಲುತ್ತಿದ್ದ ಬೇನೆ ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು. ಒಂದು ತೊಟ್ಟು ಔಷಧದಿಂದ ಇಷ್ಟು ಕಣ್ಣುಗಳು ಉಳಿದ ನಿದರ್ಶನ ವೈದ್ಯದ ಚರಿತ್ರೆಯಲ್ಲಿ ವಿರಳ. ಮುಂದೆ ಪೆನಿಸಿಲಿನ್ ಮೊದಲಾದ ಆಂಟಿಬಯಾಟಿಕ್ ಔಷಧಗಳು ಬಂದ ಮೇಲೆ ಬೆಳ್ಳಿ ಮೂಲೆಗೆ ಸರಿಯಿತೆಂಬುದು ಬೇರೆ ಮಾತು.

ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ ಇನ್ನೊಂದು ಸೋಜಿಗವನ್ನು ಕಂಡರು. ನೀರಿನಲ್ಲಿ ತೂಗಲೂ ಆಗದಷ್ಟು ಅಲ್ಪವಾದ ತಾಮ್ರವೋ ಬೆಳ್ಳಿಯೋ ಕರಗಿದ್ದರೂ ಸಾಕು, ಅದರಲ್ಲಿನ ಪಾಚಿಯ ಎಳೆಗಳು ಸಾಯುತ್ತಿದ್ದವು. ಅವರು ತೀರಿಕೊಂಡ ಎರಡು ವರ್ಷಗಳ ಅನಂತರ, ೧೮೯೩ರಲ್ಲಿ, ಈ ಬರಹ ಪ್ರಕಟವಾಯಿತು. 'ಅಲ್ಪದ ಬಲ' ಎಂಬರ್ಥದ ಗ್ರೀಕ್ ಹೆಸರೊಂದನ್ನು ಅವರು ಅದಕ್ಕೆ ಇಟ್ಟಿದ್ದರು.

ಅಲ್ಪಕ್ಕೆ ಈ ಬಲ ಎಲ್ಲಿಂದ ಬಂದಿತು? ಉತ್ತರದ ಸುಳಿವು ನಮ್ಮ ದೇವರ ಮನೆಯಲ್ಲಿಯೇ ಇದೆ. ಹಬ್ಬದ ಹಿಂದಿನ ದಿನ ಬೆಳ್ಳಿಯ ದೀಪ, ಪಂಚಪಾತ್ರೆ, ಕುಂಕುಮದ ಭರಣಿಗಳನ್ನು ಹೊರತೆಗೆದು, ವಿಭೂತಿ ಹಚ್ಚಿ ತಿಕ್ಕಿ ಬೆಳಗುವ ಕೆಲಸ ಯಾವ ಗೃಹಿಣಿಗೆ ತಿಳಿಯದು? ಪೆಟ್ಟಿಗೆಯಲ್ಲಿ ಸುಮ್ಮನೆ ಇಟ್ಟ ಬೆಳ್ಳಿ ಏಕೆ ಕಪ್ಪಾಗುತ್ತದೆ? ಗಾಳಿಯಲ್ಲಿ ಲೇಶಮಾತ್ರವಾಗಿ ಇರುವ ಗಂಧಕದ ಅನಿಲವನ್ನು ಅದು ಬಿಡದೆ ಹಿಡಿದುಕೊಳ್ಳುತ್ತದೆ. ಬೆಳ್ಳಿಗೂ ಗಂಧಕಕ್ಕೂ ಅಂಥ ನಂಟು. ಈ ನಂಟೇ ಬ್ಯಾಕ್ಟೀರಿಯಕ್ಕೆ ಮೃತ್ಯುವಾಗುತ್ತದೆ. ಜೀವಕೋಶದೊಳಗೆ ಉಸಿರಾಟವೇ ಮೊದಲಾದ ಕೆಲಸಗಳನ್ನು ನಡೆಸುವ ಕಿಣ್ವಗಳಲ್ಲಿ ಗಂಧಕವಿರುವ ಎಡೆಗಳುಂಟು. ಬೆಳ್ಳಿಯ ಪರಮಾಣುವು ತನ್ನ ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ನೀರಿಗೆ ಇಳಿದರೆ ಅದನ್ನು ಬೆಳ್ಳಿಯ ಅಯಾನು ಎನ್ನುತ್ತಾರೆ. ಆ ಅಯಾನು ಕೋಶದ ಪೊರೆಯನ್ನು ಹೊಕ್ಕು ಕಿಣ್ವದ ಗಂಧಕವನ್ನು ಕಚ್ಚಿ ಹಿಡಿಯುತ್ತದೆ. ಬೀಗದ ಕೈ ತೂರಬೇಕಾದ ಕಂಡಿಯಲ್ಲಿ ಮರದ ಚೂರು ಮುರಿದು ಕುಳಿತಂತಾಗುತ್ತದೆ. ಕಿಣ್ವಗಳ ಕೆಲಸ ನಿಲ್ಲುತ್ತದೆ, ಪೊರೆ ಸಡಿಲವಾಗುತ್ತದೆ, ಕೋಶ ಸಾಯುತ್ತದೆ. ಹಬ್ಬದ ದಿನ ನಮ್ಮ ಗೃಹಿಣಿಯರ ತೋಳನ್ನು ನೋಯಿಸುವ ಗುಣವೇ ಲೈಪ್‌ಸಿಗ್ಗಿನ ಕೂಸುಗಳ ಕಣ್ಣನ್ನು ಉಳಿಸಿತು!

ಇನ್ನು 'ನ್ಯಾನೋ' ಎಂಬ ಮಾತು. ಗ್ರೀಕ್ ಭಾಷೆಯಲ್ಲಿ ಅದರ ಮೂಲಪದಕ್ಕೆ ಕುಳ್ಳ ಎಂದರ್ಥ. ನಮ್ಮ ವಾಮನನೆಂದರೂ ಸಲ್ಲುತ್ತದೆ. ಮೀಟರಿನ ನೂರು ಕೋಟಿ ಭಾಗಗಳಲ್ಲಿ ಒಂದು ಭಾಗವೇ ನ್ಯಾನೋಮೀಟರು. ನಮ್ಮ ತಲೆಗೂದಲಿನ ದಪ್ಪ ಸುಮಾರು ೮೦,೦೦೦ ನ್ಯಾನೋಮೀಟರು. ಕರುಳಿನಲ್ಲಿ ವಾಸಿಸುವ ಕೋಲೈ ಬ್ಯಾಕ್ಟೀರಿಯದ ಉದ್ದ ಸುಮಾರು ೨,೦೦೦. ಔಷಧಕ್ಕೆಂದು ತಯಾರಿಸುವ ಬೆಳ್ಳಿಯ ಕಣ ಹತ್ತು ನ್ಯಾನೋಮೀಟರಿನದಾದರೆ ಅಂಥ ಇನ್ನೂರು ಕಣಗಳನ್ನು ಸಾಲಾಗಿ ಇಟ್ಟಾಗ ಒಂದು ಬ್ಯಾಕ್ಟೀರಿಯದ ಉದ್ದವಾದೀತು.

ಚಿಕ್ಕದು ಮಾಡಿದುದರಿಂದ ಏನು ಲಾಭ? ಸಕ್ಕರೆಯ ಗಟ್ಟಿಗಿಂತ ಪುಡಿ ಬೇಗ ಕರಗುವುದನ್ನು ನಾವೆಲ್ಲ ಬಲ್ಲೆವು. ನೀರು ತಾಗುವ ಮೈ ಹೆಚ್ಚಿದಷ್ಟೂ ಕರಗುವಿಕೆ ಹೆಚ್ಚು. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಬೆಳ್ಳಿಯ ಗಟ್ಟಿಯೊಂದನ್ನು ಊಹಿಸಿಕೊಳ್ಳಿರಿ. ಅದರ ತೂಕ ಹತ್ತೂವರೆ ಗ್ರಾಂ, ಹಿಂದಿನ ಲೆಕ್ಕದಲ್ಲಿ ಒಂದು ತೊಲಕ್ಕಿಂತ ತುಸು ಕಡಮೆ. ಅದರ ಆರು ಮುಖಗಳ ಒಟ್ಟು ವಿಸ್ತಾರ ಆರು ಚದರ ಸೆಂಟಿಮೀಟರು, ಎಂದರೆ ಒಂದು ಅಂಚೆಚೀಟಿಯಷ್ಟು. ಅದೇ ಗಟ್ಟಿಯನ್ನು ಹತ್ತು ನ್ಯಾನೋಮೀಟರಿನ ತುಣುಕುಗಳಾಗಿ ಕತ್ತರಿಸಿದೆವೆನ್ನಿ. ಒಂದರ ಮುಂದೆ ಹದಿನೆಂಟು ಸೊನ್ನೆ ಹಾಕಿದಷ್ಟು ತುಣುಕುಗಳಾಗುತ್ತವೆ. ಅವೆಲ್ಲದರ ಮೈಯನ್ನು ಬಿಡಿಸಿ ಹಾಸಿದರೆ ೬೦೦ ಚದರ ಮೀಟರು! ಬೆಂಗಳೂರಿನ ಭಾಷೆಯಲ್ಲಿ ಹೇಳುವುದಾದರೆ ಮೂವತ್ತು-ನಲವತ್ತರ ಐದು ಸೈಟುಗಳಿಗಿಂತ ಹೆಚ್ಚು. ಒಂದು ತೊಲಕ್ಕೂ ಕಡಮೆ ಬೆಳ್ಳಿಯಲ್ಲಿ ಐದು ಸೈಟು ದೊರೆಯುವುದು ವಿಜ್ಞಾನದಲ್ಲಿ ಮಾತ್ರ ಸಾಧ್ಯ.

ಬೆಳ್ಳಿ ಎಂಬ ನಮ್ಮ ಪದ 'ಬೆಳ್', ಎಂದರೆ ಬಿಳುಪು, ಎಂಬ ಧಾತುವಿಗೆ ಸಂಬಂಧಿಸಿದ್ದು. ಆದರೆ ಇಷ್ಟು ಚಿಕ್ಕದಾದ ಬೆಳ್ಳಿ ನೀರಿನಲ್ಲಿ ಬೆರೆತಾಗ ಬಿಳಿಯದಾಗಿರುವುದಿಲ್ಲ, ಹಳದಿಯಾಗಿ ಕಾಣುತ್ತದೆ. ಕನ್ನಡದ ಮೇಷ್ಟರಿಗೆ ಇದೊಂದು ಚಿಕ್ಕ ಆಘಾತವೇ ಸರಿ.

ಇದೆಲ್ಲ ನಿನ್ನೆ ಮೊನ್ನೆಯ ಆವಿಷ್ಕಾರವೆಂದು ಜಾಹೀರಾತುಗಳು ಹೇಳುವುದುಂಟು, ಅದು ಸರಿಯಲ್ಲ. ಅಮೆರಿಕದ ಫಿಲಡೆಲ್ಫಿಯದ ಕೇರಿ ಲೀ ಎಂಬವರು ೧೮೮೯ರಲ್ಲಿಯೇ ಇಂಥ ಸೂಕ್ಷ್ಮವಾದ ಬೆಳ್ಳಿಯನ್ನು ತಯಾರಿಸಿದ್ದರು. ಲೈಪ್‌ಸಿಗ್ಗಿನ ಕ್ರೇಡೆಯವರ ಮಗ, ಡ್ರೆಸ್ಡೆನ್ನಿನ ಶಸ್ತ್ರವೈದ್ಯ ಬೆನ್ನೋ ಕ್ರೇಡೆ, ೧೮೯೭ರಲ್ಲಿ 'ಕೊಲ್ಲಾರ್ಗೋಲ್' ಎಂಬ ಹೆಸರಿನ ಬೆಳ್ಳಿಯ ಔಷಧವನ್ನು ಬಳಕೆಗೆ ತಂದರು. ಅದೂ ನ್ಯಾನೋ ಬೆಳ್ಳಿಯೇ, ಹೆಸರೊಂದು ಇರಲಿಲ್ಲ.

ಕಣ ಚಿಕ್ಕದಾದುದರಿಂದ ಅದೇ ಬ್ಯಾಕ್ಟೀರಿಯವನ್ನು ಚುಚ್ಚಿ ಕೊಲ್ಲುತ್ತದೆಯೆಂದು ಬಹಳ ಮಂದಿ ತಿಳಿದಿದ್ದರು. ೨೦೧೨ರಲ್ಲಿ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇದನ್ನು ಬಹು ಸರಳವಾದೊಂದು ಉಪಾಯದಿಂದ ಪರೀಕ್ಷಿಸಿದರು. ಬೆಳ್ಳಿಯಿಂದ ಅಯಾನು ಹೊರಡಬೇಕಾದರೆ ಆಮ್ಲಜನಕ ಬೇಕು. ಆಮ್ಲಜನಕವನ್ನು ಪೂರ್ತಿಯಾಗಿ ತೆಗೆದ ಪೆಟ್ಟಿಗೆಯಲ್ಲಿ ಅವರು ಕೋಲೈ ಬ್ಯಾಕ್ಟೀರಿಯಗಳನ್ನೂ ನ್ಯಾನೋ ಬೆಳ್ಳಿಯನ್ನೂ ಒಟ್ಟಿಗೆ ಇಟ್ಟರು. ಗಾಳಿಯಿಲ್ಲದೆಯೂ ಬದುಕಬಲ್ಲ ಆ ಬ್ಯಾಕ್ಟೀರಿಯಗಳು ಕಣಗಳ ನಡುವೆ ಹಾಯಾಗಿದ್ದವು! ಕೊಲ್ಲುವುದು ಕಣವಲ್ಲ, ಕಣದಿಂದ ಹೊರಡುವ ಅಯಾನು ಎಂಬುದು ಇದರಿಂದ ಸ್ಪಷ್ಟವಾಯಿತು.

ಐನೂರರ ನೋಟನ್ನು ಹಿಡಿದು ಸಿಟಿ ಬಸ್ಸು ಹತ್ತಿದವನ ಪಾಡನ್ನು ನೆನೆದುಕೊಳ್ಳಿರಿ. ಹಣವೇನೋ ಇದೆ, ಕಂಡಕ್ಟರಿಗೆ ಬೇಕಾದುದು ಚಿಲ್ಲರೆ. ಬೆಳ್ಳಿಯ ಗಟ್ಟಿ ಆ ನೋಟಿನಂತೆ. ಅದರಿಂದ ಅಯಾನು ಹೊರಡುವುದು ಬಹು ನಿಧಾನ, ಬಹು ಕಡಮೆ. ಸಿಲ್ವರ್ ನೈಟ್ರೇಟೋ, ಇದ್ದ ಚಿಲ್ಲರೆಯನ್ನೆಲ್ಲ ಒಮ್ಮೆಗೇ ಸುರಿದು ಬರಿಗೈಯಾಗುತ್ತದೆ. ನ್ಯಾನೋ ಕಣವು ಜಾಣ ಗೃಹಿಣಿಯ ಸೊಂಟದ ಚೀಲದ ಹಾಗೆ: ಬೇಕಾದಾಗ ಬೇಕಾದಷ್ಟೇ ಚಿಲ್ಲರೆ ಹೊರಬರುತ್ತದೆ, ಬಹಳ ದಿನ ಬರುತ್ತದೆ. ಅದರ ಹಿರಿಮೆಯೆಲ್ಲ ಇಷ್ಟೇ, ಇಷ್ಟು ಕಡಮೆಯೇನಲ್ಲ.

ಒಳಲೆಯ ಪ್ರಶ್ನೆಗೆ ಇಲ್ಲಿಯೇ ಉತ್ತರ ಕೊಟ್ಟುಬಿಡಬಹುದು. ಒಳಲೆ ನೋಟಿನ ಜಾತಿಯದು. ಅದರಲ್ಲಿ ಹಾಲು ನಿಲ್ಲುವುದು ಕೆಲವು ನಿಮಿಷ. ಹೊರಟ ಅಲ್ಪಸ್ವಲ್ಪ ಅಯಾನನ್ನೂ ಹಾಲಿನ ಪ್ರೋಟೀನುಗಳೇ ಹಿಡಿದುಕೊಳ್ಳುತ್ತವೆ. ಹಾಲನ್ನು ಶುದ್ಧಮಾಡುವ ಶಕ್ತಿ ಒಳಲೆಗೆ ಇಲ್ಲವೆಂದೇ ಹೇಳಬೇಕು. ಅತ್ತೆಯವರೊಡನೆ ಈ ವಿಚಾರದಲ್ಲಿ ವಾದಕ್ಕೆ ಇಳಿಯಬೇಕಾದ ಅಗತ್ಯವಿಲ್ಲ. ಒಳಲೆಯನ್ನು ಪ್ರತಿಸಲವೂ ಕುದಿಯುವ ನೀರಿನಲ್ಲಿ ತೊಳೆದರೆ ಇಬ್ಬರ ಮಾತೂ ನಡೆಯುತ್ತದೆ.

ಈ ಚಿಲ್ಲರೆಯ ಚೀಲ ನಿಜವಾಗಿ ಉಪಯೋಗಕ್ಕೆ ಬಂದದ್ದು ಸುಟ್ಟ ಗಾಯಗಳಲ್ಲಿ. ಚರ್ಮವೆಂಬ ಕೋಟೆ ಬಿದ್ದುಹೋದ ಮೈಯೊಳಗೆ ಬ್ಯಾಕ್ಟೀರಿಯಗಳು ನುಗ್ಗುತ್ತವೆ. ಬೆಂಕಿಯಿಂದ ಉಳಿದವರು ನಂಜಿನಿಂದ ಸಾಯುತ್ತಾರೆ. ೧೯೬೫ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕಾರ್ಲ್ ಮೋಯರ್ ಶೇಕಡಾ ಅರ್ಧದ ಸಿಲ್ವರ್ ನೈಟ್ರೇಟಿನಲ್ಲಿ ನೆನೆಸಿದ ಬಟ್ಟೆಯನ್ನು ಇಂಥ ಗಾಯಗಳಿಗೆ ಸುತ್ತಿ ಯಶಸ್ಸು ಕಂಡರು. ೧೯೬೮ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಫಾಕ್ಸ್ ಬೆಳ್ಳಿಯನ್ನು ಸಲ್ಫಾ ಔಷಧದೊಡನೆ ಕೂಡಿಸಿ ಬಿಳಿಯ ಮುಲಾಮೊಂದನ್ನು ಮಾಡಿದರು. ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ಅದನ್ನು ಕಾಣದವರಿಲ್ಲ. ಈ ಮುಲಾಮನ್ನು ದಿನದಿನವೂ ಒರೆಸಿ ತೆಗೆದು ಹೊಸದಾಗಿ ಹಚ್ಚಬೇಕು. ಆ ನೋವು ಅನುಭವಿಸಿದವರಿಗೇ ಗೊತ್ತು. ೧೯೯೦ರ ದಶಕದಲ್ಲಿ ಕೆನಡಾದ ರಾಬರ್ಟ್ ಬರೆಲ್ ನ್ಯಾನೋ ಬೆಳ್ಳಿಯನ್ನು ಲೇಪಿಸಿದ ಪಟ್ಟಿಯನ್ನು ರೂಪಿಸಿದುದರಿಂದ ಒಮ್ಮೆ ಕಟ್ಟಿದ ಪಟ್ಟಿಯನ್ನು ಕೆಲವು ದಿನ ಹಾಗೆಯೇ ಬಿಡುವುದು ಸಾಧ್ಯವಾಯಿತು. ಆದರೆ ಬೆಳ್ಳಿಗೆ ಶತ್ರುವಿನ ಕೋಶ, ನಮ್ಮ ಕೋಶ ಎಂಬ ಭೇದವಿಲ್ಲ. ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಫಾಕ್ಸರ ಮುಲಾಮು ಗಾಯ ಮಾಯುವುದನ್ನು ತಡಮಾಡುತ್ತದೆಂದು ತಿಳಿದುಬಂದಿದೆ. ನಂಜು ಏರುವ ಭಯವಿರುವಲ್ಲಿ ಬೆಳ್ಳಿ ಬೇಕು. ಒಲೆಯ ಮುಂದೆ ತಗುಲಿದ ಚಿಕ್ಕ ಬೊಬ್ಬೆಗೆ ಹರಿಯುವ ತಣ್ಣೀರೇ ಸಾಕು.

ಉಸಿರಾಟದ ಯಂತ್ರಕ್ಕೆ ಹಾಕಿದ ರೋಗಿಯ ಗಂಟಲಿಗೆ ಇಳಿಸುವ ಕೊಳವೆಗೂ ಬೆಳ್ಳಿಯನ್ನು ಲೇಪಿಸಿ ನೋಡಿದರು. ಉತ್ತರ ಅಮೆರಿಕದ ೫೪ ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯ ಫಲ ೨೦೦೮ರಲ್ಲಿ ಪ್ರಕಟವಾಯಿತು. ನ್ಯುಮೋನಿಯ ತಗುಲಿದವರ ಸಂಖ್ಯೆ ನೂರಕ್ಕೆ ೭.೫ರಿಂದ ೪.೮ಕ್ಕೆ ಇಳಿದಿತ್ತು. ಸಾವಿನ ಪ್ರಮಾಣದಲ್ಲಿ ಮಾತ್ರ ಇಳಿತ ಕಾಣಲಿಲ್ಲ.

ನೀರಿನ ವಿಚಾರಕ್ಕೆ ಬಂದರೆ ನಮ್ಮ ದೇಶದವರ ಕೆಲಸವನ್ನು ಅಭಿಮಾನದಿಂದ ಹೇಳಬೇಕು. ೨೦೦೯ರ ಡಿಸೆಂಬರಿನಲ್ಲಿ ಟಾಟಾ ಸಂಸ್ಥೆಯವರು ಸಾವಿರ ರೂಪಾಯಿಗೂ ಕಡಮೆ ಬೆಲೆಯ ಫಿಲ್ಟರೊಂದನ್ನು ಮಾರುಕಟ್ಟೆಗೆ ತಂದರು. ಅದರೊಳಗಿದ್ದುದು ಭತ್ತದ ಹೊಟ್ಟಿನ ಬೂದಿ. ಆ ಬೂದಿಗೆ ನ್ಯಾನೋ ಬೆಳ್ಳಿಯನ್ನು ಅಂಟಿಸಿದ್ದರು. ವಿದ್ಯುಚ್ಛಕ್ತಿಯ ಹಂಗಿಲ್ಲ. ಆದರೆ ಇಂಥ ಫಿಲ್ಟರುಗಳಿಗೆಲ್ಲ ಒಂದು ಶಾಪವುಂಟು. ಬಾವಿಯ ನೀರಿನಲ್ಲಿ ಲವಣಗಳಿವೆ, ಕೊಳೆತ ಎಲೆಯ ಸಾರವಿದೆ. ಅವು ದಿನ ಕಳೆದಂತೆ ಬೆಳ್ಳಿಯ ಮೈಮೇಲೆ ಪದರವಾಗಿ ಕುಳಿತು ಚಿಲ್ಲರೆಯ ಚೀಲದ ಬಾಯನ್ನೇ ಹೊಲಿದುಬಿಡುತ್ತವೆ. ಮದರಾಸಿನ ಐ.ಐ.ಟಿ.ಯ ತಲಪ್ಪಿಲ್ ಪ್ರದೀಪ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಪರಿಹಾರವನ್ನು ೨೦೧೩ರಲ್ಲಿ ಪ್ರಕಟಿಸಿದರು. ಸೀಗಡಿಯ ಚಿಪ್ಪಿನಿಂದ ದೊರೆಯುವ ಕೈಟೋಸಾನ್ ಎಂಬ ವಸ್ತುವನ್ನೂ ಅಲ್ಯುಮಿನಿಯಮ್ಮಿನ ಸಂಯುಕ್ತವೊಂದನ್ನೂ ಕೂಡಿಸಿ ಹೆಣೆದ ಪಂಜರದೊಳಗೆ ಅವರು ಬೆಳ್ಳಿಯ ಕಣಗಳನ್ನು ಕೂಡಿಟ್ಟರು. ಅಯಾನು ಹೊರಕ್ಕೆ ಬರಬಲ್ಲದು, ಕಣದ ಬಾಯಿ ಮುಚ್ಚಿಹೋಗುವುದಿಲ್ಲ. ಲೀಟರಿಗೆ ಸುಮಾರು ೪೦ ಮೈಕ್ರೋಗ್ರಾಮಿನಷ್ಟು ಬೆಳ್ಳಿ ಒಂದೇ ಸಮನಾಗಿ ನೀರಿಗೆ ಸೇರುತ್ತದೆ. ಲೀಟರಿಗೆ ನೂರು ಮೈಕ್ರೋಗ್ರಾಮಿನವರೆಗೆ ಬಾಧಕವಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಲೆಕ್ಕ ಹಾಕಿದರೆ ಒಂದು ಗ್ರಾಂ ಬೆಳ್ಳಿ ೨೫,೦೦೦ ಲೀಟರು ನೀರಿಗೆ ಸಾಕು. ದಿನಕ್ಕೆ ಹತ್ತು ಲೀಟರು ಕುಡಿಯುವ ಸಂಸಾರಕ್ಕೆ ಏಳು ವರ್ಷಕ್ಕೆ ಸ್ವಲ್ಪ ಕಡಮೆ. ಕುಟುಂಬವೊಂದಕ್ಕೆ ವರ್ಷಕ್ಕೆ ಎರಡೂವರೆ ಡಾಲರಿನ ವೆಚ್ಚವೆಂದು ಅವರ ಅಂದಾಜು.

ಹೀಗೆ ಜೀವ ಉಳಿಸಬಲ್ಲ ವಸ್ತುವನ್ನು ನಾವು ಕಾಲುಚೀಲಕ್ಕೆ ಹಾಕುತ್ತಿದ್ದೇವೆ! ಬೆವರಿನ ವಾಸನೆ ಬಾರದಿರಲೆಂಬುದು ಉದ್ದೇಶ. ೨೦೦೮ರಲ್ಲಿ ಅರಿಜೋನ ವಿಶ್ವವಿದ್ಯಾನಿಲಯವೊಂದರ ವಿಜ್ಞಾನಿಗಳಿಬ್ಬರು ಇಂಥ ಕಾಲುಚೀಲಗಳನ್ನು ಕೊಂಡು ತಂದು ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿದರು. ಕೆಲವು ಜೊತೆಗಳಲ್ಲಿ ಬೆಳ್ಳಿಯೆಲ್ಲ ಕೆಲವೇ ಒಗೆತಗಳಲ್ಲಿ ಚರಂಡಿಯ ಪಾಲಾಗಿತ್ತು. ಇನ್ನು 'ಬೆಳ್ಳಿಯ ನೀರು' ಎಂದು ಸೀಸೆಯಲ್ಲಿ ತುಂಬಿ, ಸಕಲ ರೋಗಕ್ಕೂ ಮದ್ದೆಂದು ಮಾರುವವರ ವಿಚಾರ. ಇಂಥ ಔಷಧಗಳು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಒಪ್ಪಲಾಗದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ೧೯೯೯ರಲ್ಲಿಯೇ ಸಾರಿತು. ಬಹಳ ಕಾಲ ಕುಡಿದವರ ಚರ್ಮದಲ್ಲಿ ಬೆಳ್ಳಿ ಕುಳಿತು, ಬಿಸಿಲು ತಾಗಿದಾಗ ಹಳೆಯ ಫೋಟೋ ಫಲಕದಂತೆ ಕಪ್ಪಾಗಿ, ಮೈಯೆಲ್ಲ ನೀಲಿ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ನೀಲವರ್ಣ ದೇವರಿಗೆ ಶೋಭಿಸುತ್ತದೆ, ನಮಗಲ್ಲ. ಅದು ಹೋಗುವಂತೆಯೂ ಇಲ್ಲ.

ಹಣ ಚರಂಡಿಗೆ ಹೋದರೆ ಹೋಗಲಿ ಎನ್ನುವ ಧಾರಾಳಿಗಳೂ ಇರುತ್ತಾರೆ. ಆದರೆ ಇಲ್ಲಿ ಪೋಲಾಗುವುದು ಹಣವೊಂದೇ ಅಲ್ಲ.

ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸುಟ್ಟ ಗಾಯದ ವಾರ್ಡಿನಲ್ಲಿ ಸಿಲ್ವರ್ ನೈಟ್ರೇಟಿನ ಚಿಕಿತ್ಸೆ ನಡೆಯುತ್ತಿತ್ತು. ಅಲ್ಲಿ ಸಾಲ್ಮೊನೆಲ್ಲ ಜಾತಿಯ ಬ್ಯಾಕ್ಟೀರಿಯವೊಂದು ಕಾಣಿಸಿಕೊಂಡಿತು. ಬೆಳ್ಳಿಗೂ ಅದು ಜಗ್ಗಲಿಲ್ಲ, ಹಲವು ಆಂಟಿಬಯಾಟಿಕ್‌ಗಳಿಗೂ ಜಗ್ಗಲಿಲ್ಲ. ಕೆಲವು ರೋಗಿಗಳು ತೀರಿಕೊಂಡರು, ವಾರ್ಡನ್ನೇ ಮುಚ್ಚಬೇಕಾಯಿತು. ೧೯೭೫ರಲ್ಲಿ ಈ ವೃತ್ತಾಂತ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಬ್ಯಾಕ್ಟೀರಿಯದ ಗುಟ್ಟನ್ನು ೧೯೯೯ರಲ್ಲಿ ಬಿಡಿಸಿದವರಲ್ಲಿ ಒಬ್ಬರು ಷಿಕಾಗೋದ ಪ್ರಾಧ್ಯಾಪಕರು. ಅವರ ಹೆಸರು ಸೈಮನ್ ಸಿಲ್ವರ್! ಹೆಸರಿಗೆ ತಕ್ಕ ಕೆಲಸವನ್ನು ವಿಧಿ ಎಲ್ಲರಿಗೂ ಒದಗಿಸುವುದಿಲ್ಲ. ಆ ಬ್ಯಾಕ್ಟೀರಿಯದಲ್ಲಿ ಬಾಗಿಲ ಬಳಿಯೇ ನಿಂತು ಬೆಳ್ಳಿಯ ಅಯಾನನ್ನು ಹಿಡಿದುಕೊಳ್ಳುವ ಪ್ರೋಟೀನೊಂದಿತ್ತು. ಒಳಕ್ಕೆ ನುಸುಳಿದುದನ್ನು ಹೊರಕ್ಕೆ ಎತ್ತಿಹಾಕುವ ಪಂಪುಗಳಿದ್ದವು. ಇವುಗಳ ವಿಧಾನವೆಲ್ಲ ಬರೆದಿದ್ದುದು ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ಕೈಬದಲಾಗಬಲ್ಲ ವಂಶವಾಹಿಯ ಒಂದು ಉಂಗುರದಲ್ಲಿ. ಭಯದ ಸಂಗತಿ ಮುಂದಿದೆ: ಆಂಟಿಬಯಾಟಿಕ್‌ಗಳನ್ನು ಎದುರಿಸುವ ವಿದ್ಯೆಯೂ ಅದೇ ಉಂಗುರದಲ್ಲಿತ್ತು. ಆದುದರಿಂದ ಬೆಳ್ಳಿಯನ್ನು ಎಲ್ಲೆಂದರಲ್ಲಿ, ಕೊಲ್ಲಲು ಸಾಲದಷ್ಟು ಅಲ್ಪವಾಗಿ, ಚೆಲ್ಲುತ್ತ ಹೋದರೆ ಅಂಥ ಉಂಗುರ ಧರಿಸಿದ ಬ್ಯಾಕ್ಟೀರಿಯಗಳೇ ಉಳಿದು ಬೆಳೆಯುವ ಸಂಭವವುಂಟು. ಬೆಳ್ಳಿಯೊಡನೆ ಆಂಟಿಬಯಾಟಿಕ್‌ಗಳನ್ನೂ ಕಳೆದುಕೊಂಡೇವು. ೨೦೧೯ನೆಯ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳಿಂದಲೇ ಲೋಕದಲ್ಲಿ ೧೨ ಲಕ್ಷ ೭೦ ಸಾವಿರ ಮಂದಿ ಸತ್ತರೆಂದು ಅಂದಾಜು ಮಾಡಲಾಗಿದೆ. ಆಂಟಿಬಯಾಟಿಕ್‌ಗಳು ಕೈಬಿಟ್ಟ ವೇಳೆಗೆಂದು ಉಳಿಸಿಕೊಂಡ ಅಸ್ತ್ರ ಇದು. ಕಾಲುಚೀಲದ ಮೇಲೆ ಪ್ರಯೋಗಿಸುವುದೆಂದರೆ ಕರ್ಣನು ತನ್ನ ಶಕ್ತ್ಯಾಯುಧವನ್ನು ಸೊಳ್ಳೆಯ ಮೇಲೆ ಬಿಟ್ಟಂತೆ.

ನ್ಯಾನೋ ಕಣಕ್ಕಾದರೂ ಬ್ಯಾಕ್ಟೀರಿಯಗಳು ಸೋಲಬಹುದೆಂಬ ಆಸೆಯಿತ್ತು. ೨೦೧೮ರಲ್ಲಿ ಚೆಕ್ ದೇಶದ ಓಲೊಮೌಟ್ಸ್ ನಗರದ ವಿಜ್ಞಾನಿಗಳು ಆ ಆಸೆಗೂ ನೀರೆರೆಚಿದರು. ಕೊಲ್ಲಲು ಸಾಲದಷ್ಟು ನ್ಯಾನೋ ಬೆಳ್ಳಿಯನ್ನು ಪುನಃ ಪುನಃ ಉಣಿಸಿದಾಗ ಕೋಲೈ ಬ್ಯಾಕ್ಟೀರಿಯವು ವಂಶವಾಹಿಯನ್ನು ಬದಲಾಯಿಸದೆಯೇ ಒಂದು ಯುಕ್ತಿ ಹೂಡಿತು. ಈಜುವುದಕ್ಕೆಂದು ತನಗಿರುವ ಬಾಲದ ಪ್ರೋಟೀನನ್ನು ಅದು ಹೇರಳವಾಗಿ ಹೊರಸೂಸಿತು; ಆ ಅಂಟಿಗೆ ಸಿಕ್ಕಿ ಬೆಳ್ಳಿಯ ಕಣಗಳು ಗಂಟುಗಂಟಾಗಿ ಕೂಡಿಕೊಂಡವು. ಚಿಲ್ಲರೆ ಮರಳಿ ನೋಟಾಯಿತು! ಇದಕ್ಕೆ ಆ ವಿಜ್ಞಾನಿಗಳು ಕಂಡುಹಿಡಿದ ಪ್ರತಿತಂತ್ರ ಇನ್ನೂ ಸ್ವಾರಸ್ಯವಾದುದು. ದಾಳಿಂಬೆಯ ಸಿಪ್ಪೆಯ ಸಾರವನ್ನು ಸೇರಿಸಿದಾಗ ಬ್ಯಾಕ್ಟೀರಿಯಕ್ಕೆ ಆ ಪ್ರೋಟೀನನ್ನು ತಯಾರಿಸಲು ಆಗಲಿಲ್ಲ. ಬೆಳ್ಳಿ ಮತ್ತೆ ಕೆಲಸ ಮಾಡಿತು. ಇದು ಪ್ರಯೋಗಶಾಲೆಯ ಗಾಜಿನ ಬಟ್ಟಲಿನಲ್ಲಿ ನಡೆದ ಸಂಗತಿಯೆಂಬುದನ್ನು ಮರೆಯಬಾರದು. ಇದನ್ನು ಓದಿದವರು ಯಾರೂ ನಾಳೆ ಬೆಳಗ್ಗೆ ದಾಳಿಂಬೆ ಸಿಪ್ಪೆಯ ಕಷಾಯಕ್ಕೆ ಬೆಳ್ಳಿಯ ವರಕು ಹಾಕಿ ಕುಡಿಯದಿರಲಿ.

ಮೈಸೂರಿನ ವಾಚಕಿಗೆ ಈಗ ನೇರವಾಗಿ ಹೇಳುತ್ತೇನೆ. ಕಾಲುಚೀಲಕ್ಕೆ ಬೆಳ್ಳಿ ಬೇಡ. ಸಾಬೂನು, ಬಿಸಿಲು ಸಾಕು. ಗಾಯದ ಪಟ್ಟಿಯನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ಕೊಳ್ಳಿರಿ. ಫಿಲ್ಟರಿನಲ್ಲಿ ಬೆಳ್ಳಿ ಇದ್ದರೆ ಒಳ್ಳೆಯದೇ, ಆದರೆ ಅದರ ಕೆಲಸ ನಿಧಾನ. ಕೆಲವು ವೈರಸ್ಸುಗಳಿಗೂ ಅಮೀಬದಂಥ ಜೀವಿಗಳ ಗಟ್ಟಿ ಚಿಪ್ಪಿಗೂ ಅದು ಸಾಲದು. ಫಿಲ್ಟರಿನೊಳಗಿನ ಸಾಧನವನ್ನು ಕಂಪನಿಯವರು ಹೇಳಿದ ಅವಧಿಗೆ ಬದಲಾಯಿಸಿರಿ. ಮನೆಯಲ್ಲಿ ಕೈಗೂಸು ಇರುವುದರಿಂದ ನೀರನ್ನು ಕುದಿಸಿಯೇ ಕೊಡಿರಿ. ಬೆಳ್ಳಿಯ ಪಾತ್ರೆಗಳಿದ್ದ ಸೈರಸ್ ದೊರೆಯೂ ಅದನ್ನು ಬಿಟ್ಟಿರಲಿಲ್ಲ.